ಏಳು ಸಲ ಕೆಲಸ ಕಳೆದುಕೊಂಡ ಮ್ಯಾನೇಜರು

ನಮ್ಮ ಪಕ್ಕದ ಮನೆಯ ಹಿರಿಯರನ್ನು ಅವರ ಆಯುಷ್ಯದಲ್ಲಿ ಏಳು ಸಲ ಕೆಲಸದಿಂದ ಕಿತ್ತುಹಾಕಿದ್ದಾರೆ. ಇದನ್ನು ನಾನು ಚಾಡಿಯಾಗಿ ಹೇಳುತ್ತಿಲ್ಲ. ಪರಿಚಯವಾದ ಐದನೆಯ ನಿಮಿಷಕ್ಕೆ ಅವರೇ ಹೇಳಿಕೊಳ್ಳುತ್ತಾರೆ, ನಾವೆಲ್ಲ ನಮ್ಮ ಡಿಗ್ರಿಯನ್ನೂ ಮಕ್ಕಳ ಶಾಲೆಯನ್ನೂ ಹೇಳಿಕೊಳ್ಳುವಷ್ಟೇ ಸಲೀಸಾಗಿ. ನಾವಿರುವುದು ಅಮೆರಿಕದ ಕ್ಯಾಂಪ್‌ಬೆಲ್‌ನಲ್ಲಿ, ಸಾಫ್ಟ್‌ವೇರ್ ಕಂಪನಿಗಳ ಸೀಮೆಯಲ್ಲಿ. ಇಲ್ಲಿ ಕೆಲಸ ಹೋಯಿತು ಎಂದು ಬಾಯಿಬಿಟ್ಟು ಹೇಳುವವರು ಯಾರೂ ಇಲ್ಲ. ಹೋದ ಮರುದಿನ 'ಹೊಸ ಅವಕಾಶಗಳನ್ನು ನೋಡುತ್ತಿದ್ದೇನೆ' ಎನ್ನುತ್ತಾರೆ. ಒಂದು ತಿಂಗಳ ಮೇಲೆ 'ಮನೆಯವರ ಜೊತೆ ಸ್ವಲ್ಪ ಕಾಲ ಕಳೆಯೋಣ ಅಂತ' ಎನ್ನುತ್ತಾರೆ. ತೀರಾ ಕಷ್ಟವಾದರೆ ಗಡ್ಡ ಬಿಡುತ್ತಾರೆ. ಅಂಥ ಊರಿನಲ್ಲಿ ಒಬ್ಬ ಮನುಷ್ಯ ಬೇಲಿಯ ಆಚೆಯಿಂದ ಕೈಚಾಚಿ, "ನಾನು ಸ್ಕಾಟ್ಲೆಂಡ್‌ನವನು, ಮ್ಯಾನೇಜರ್ ಆಗಿದ್ದೆ, ಏಳು ಸಲ ಓಡಿಸಿದರು" ಎಂದರೆ ಕೇಳಿದವರ ಗತಿ ಏನಾಗಬೇಡ?

ನನ್ನ ಗಂಡ ಮಿಲ್ಪಿಟಾಸ್‌ನ ಒಂದು ಕಂಪನಿಯಲ್ಲಿ ಮ್ಯಾನೇಜರ್. ಹಾಗಾಗಿ ಅವನಿಗೆ ತಕ್ಷಣ ಜಾತಿಬಾಂಧವ ಸಿಕ್ಕಂತಾಯಿತು.

"ನಿಮ್ಮ ಕೈಕೆಳಗೆ ಎಷ್ಟು ಜನ ಇದ್ದರು?" ಎಂದು ಕೇಳಿದ.

"ಹನ್ನೊಂದು. ಯಾವನಾದರೂ ಒಬ್ಬ ಬೇರೆಯವನ ಕಾಲು ಮುರಿದರೆ ಹತ್ತು."

"ಯಾವ ಫೀಲ್ಡು?"

"ಹುಲ್ಲಿನದು. ಮಳೆ ಬಂದ ದಿನ ಕೆಸರಿನದು."

ನನ್ನ ಗಂಡ ಎಲ್ಲ ಅರ್ಥವಾದವನಂತೆ ತಲೆಯಾಡಿಸಿ ಒಳಗೆ ಬಂದ. ಅರ್ಧ ಗಂಟೆಯ ಮೇಲೆ ಸಾರು ಬಡಿಸಿಕೊಳ್ಳುತ್ತಿದ್ದವನು ಸೌಟು ಹಿಡಿದುಕೊಂಡೇ ನಿಂತು, "ಫುಟ್‌ಬಾಲ್ ಕಣೇ" ಎಂದ.

ತಪ್ಪು ಪೂರ್ತಿ ಅವನದಲ್ಲ. ಅವರ ಮಾತು ಹಾಗಿದೆ. ಅವರು ಆಡುವುದು ಇಂಗ್ಲಿಷೇ ಎಂದು ಅವರು ಹೇಳುತ್ತಾರೆ. ಮನೆಯಲ್ಲಿ ದೀಪ ಹಚ್ಚು, ಹಾಡು ಹಾಕು ಎಂದರೆ ಕೇಳುವ ಯಂತ್ರವೊಂದನ್ನು ಅವರ ಮಗಳು ತಂದುಕೊಟ್ಟಿದ್ದಳು. ಅವರು ದೀಪ ಆರಿಸು ಎಂದರೆ ಅದು ನಾರ್ವೆಯ ಹವಾಮಾನ ಓದುತ್ತಿತ್ತು. ಆದ್ದರಿಂದ ಇಲ್ಲಿ ಅವರ ಮಾತನ್ನೆಲ್ಲ ನಾನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಮೂಲಕ್ಕೆ ಅಪಚಾರವಾಗಿದ್ದರೆ ಕಂಡುಹಿಡಿಯುವವರು ಈ ಕೌಂಟಿಯಲ್ಲಿ ಇಲ್ಲ.

ಅವರ ವೃತ್ತಿಜೀವನ ನನಗೆ ತಿಳಿದದ್ದು ಕಂತುಕಂತಾಗಿ, ಬೇಲಿಯ ಮೇಲಿಂದ. ಹದಿನೇಳನೆಯ ವಯಸ್ಸಿಗೆ ಕಡಲ ದಂಡೆಯ ಒಂದು ಸಣ್ಣ ಊರಿನ ತಂಡಕ್ಕೆ ಲೆಫ್ಟ್ ಬ್ಯಾಕ್ ಆಗಿ ಸೇರಿದರು, ಅಂದರೆ ಎಡಗಡೆ ನಿಂತು ಎದುರಾಳಿಗಳನ್ನು ತಡೆಯುವ ಕೆಲಸ. ಅಲ್ಲಿ ಎಂಥ ಗಾಳಿಯೆಂದರೆ, ಗೋಲ್‌ಕೀಪರ್ ಒದ್ದ ಚೆಂಡು ನಡುಮೈದಾನದವರೆಗೆ ಹೋಗಿ, ಯೋಚನೆ ಮಾಡಿ, ವಾಪಸು ಬರುತ್ತಿತ್ತಂತೆ. ಹದಿನಾರು ವರ್ಷ ಆಡಿ ಒಟ್ಟು ಮೂರು ಗೋಲು ಹೊಡೆದರು. "ಎರಡು ನಮ್ಮದೇ ಬಲೆಗೆ" ಎಂದು ಸೇರಿಸುವುದನ್ನು ಮರೆಯುವುದಿಲ್ಲ. ಕೊನೆಗೆ ಮೊಣಕಾಲು ಕೈಕೊಟ್ಟಿತು. ಮ್ಯಾನೇಜರ್ ಆದರು.

ಮ್ಯಾನೇಜರ್ ಎಂದರೆ ಅಲ್ಲಿ ಸಣ್ಣ ಮನುಷ್ಯನಲ್ಲ. ಯಾರು ಆಡಬೇಕು, ಯಾರು ಬೆಂಚಿನ ಮೇಲೆ ಕೂರಬೇಕು, ಶುಕ್ರವಾರ ಯಾರು ಏನು ತಿನ್ನಬೇಕು, ಎಲ್ಲ ಅವನದೇ ತೀರ್ಮಾನ. ಗೆದ್ದರೆ ಊರಿಗೆ ಹೆಸರು, ಸೋತರೆ ಅವನಿಗೆ ಕೆಟ್ಟ ಹೆಸರು. ಮೊದಲನೆಯ ಸಲ ಇವರನ್ನು ತೆಗೆದದ್ದು ಹನ್ನೊಂದನೆಯ ವಾರಕ್ಕೆ. ಸುದ್ದಿ ತಿಳಿಸಿದ್ದು ತಂಡದ ಬಟ್ಟೆ ಒಗೆಯುವ ಹೆಂಗಸು: "ನಾಳೆಯಿಂದ ನಿಮ್ಮ ಟವೆಲ್ ಒಗೆಯಬೇಡ ಅಂದಿದ್ದಾರೆ." ಎರಡನೆಯ ಸಲ ಕಾರಿನಲ್ಲಿ ಮೈದಾನಕ್ಕೆ ಹೋಗುತ್ತಿದ್ದಾಗ ರೇಡಿಯೊದಲ್ಲಿ ಬಂತು. ಯಾವನೋ ಪಾಪ ಎಂದುಕೊಂಡು ಇನ್ನೂ ಒಂದು ಮೈಲಿ ಓಡಿಸಿದ ಮೇಲೆ, ಆ ಪಾಪದವನು ತಾನೇ ಎಂದು ಹೊಳೆಯಿತು. ನಾಲ್ಕನೆಯ ಸಲ ಅಧ್ಯಕ್ಷರು ಕೇಕ್ ತರಿಸಿದ್ದರು. "ಕೇಕ್ ಚೆನ್ನಾಗಿತ್ತು. ಎರಡು ತುಂಡು ತಿಂದೆ." ಐದನೆಯ ತಂಡ ಕೆಳಗಿನ ಲೀಗಿಗೆ ಬೀಳುವುದರಲ್ಲಿತ್ತು. ಕೊನೆಯ ಪಂದ್ಯದ ಕೊನೆಯ ನಿಮಿಷದಲ್ಲಿ ಅದನ್ನು ಉಳಿಸಿದರು. ಜನ ಇವರನ್ನು ಹೆಗಲ ಮೇಲೆ ಹೊತ್ತು ಊರೆಲ್ಲ ಮೆರೆಸಿ, ಮೀನು ಮಾರುಕಟ್ಟೆಯ ಮುಂದೆ ಕೈಜಾರಿ ಬೀಳಿಸಿದರು. ಮರುವರ್ಷ ಅದೇ ಜನ ಬೇಕೆಂದೇ ಬೀಳಿಸಿದರು. ಆರನೆಯದನ್ನು ಮಾತ್ರ ಹಾರಿಸಿಬಿಡುತ್ತಾರೆ. ಆಮೇಲೆ ಯಾರೋ ಈ ಕಡೆ ಒಂದು ತಂಡ ಕಟ್ಟುತ್ತೇವೆಂದು ಕರೆಸಿಕೊಂಡರು. "ಅಮೆರಿಕದವರು ಒಳ್ಳೆಯವರು. ನನ್ನನ್ನು ತೆಗೆಯಲಿಲ್ಲ. ತಂಡವನ್ನೇ ತೆಗೆದರು." ಅದನ್ನೂ ಹಿಡಿದು ಏಳು. ಅಷ್ಟು ಹೊತ್ತಿಗೆ ಮಗಳು ಸರಟೋಗಾದಲ್ಲಿ ಹಲ್ಲಿನ ಡಾಕ್ಟರಾಗಿ ನೆಲೆನಿಂತಿದ್ದಳು. ಹತ್ತಿರದಲ್ಲಿರೋಣ ಎಂದು ಇವರು ನಮ್ಮ ಪಕ್ಕಕ್ಕೆ ಬಂದು ಇಳಿದರು.

ಇಂಥವರು ಪಕ್ಕದಲ್ಲಿರುವಾಗ ನಮ್ಮ ಮಗಳು ಇಳಾಳ ಫುಟ್‌ಬಾಲ್ ತಂಡದ ಕೋಚು ಟೆಕ್ಸಸ್‌ಗೆ ವರ್ಗವಾಗಿ ಹೋದರು. ಹನ್ನೊಂದು ವರ್ಷದ ಹನ್ನೆರಡು ಹುಡುಗಿಯರ ತಂಡ. ಒಂದು ಸಲಕ್ಕೆ ಒಂಬತ್ತು ಜನ ಆಡುತ್ತಾರೆ, ಉಳಿದ ಮೂವರು ಬದಿಯಲ್ಲಿ ಹುಲ್ಲು ಕೀಳುತ್ತಾರೆ. ನಾನು ಆ ತಂಡದ ಮ್ಯಾನೇಜರ್. ತಪ್ಪು ತಿಳಿಯಬೇಡಿ: ಇಲ್ಲಿ ಮಕ್ಕಳ ತಂಡದ ಮ್ಯಾನೇಜರ್ ಎಂದರೆ ಈಮೇಲ್ ಕಳಿಸುವ, ಕಿತ್ತಳೆ ಹೆಚ್ಚಿ ತರುವ ತಾಯಿ. ಬೇರೆ ಯಾರೂ ಕೈಯೆತ್ತದ ಮೀಟಿಂಗಿನಲ್ಲಿ ನನಗೆ ತಲೆ ಕೆರೆದುಕೊಳ್ಳಬೇಕೆನಿಸಿತ್ತು, ಅಷ್ಟೇ. ಪಕ್ಕದ ಮನೆಗೆ ಹೋಗಿ ಕೇಳಿದೆ.

"ನಮ್ಮ ತಂಡಕ್ಕೆ ಕೋಚ್ ಆಗುತ್ತೀರಾ?"

ಅವರ ಮುಖ ಕೆಂಪಾಯಿತು. "ನಮ್ಮ ಊರಿನಲ್ಲಿ ಕೋಚ್ ಅಂದರೆ ಬಸ್ಸು" ಎಂದರು. "ನಾನು ಮ್ಯಾನೇಜರ್."

"ಮ್ಯಾನೇಜರ್ ನಾನು" ಎಂದೆ, ತುಸು ಅಂಜುತ್ತಲೇ.

"ನೀನು ಯಾವ ತಂಡಗಳನ್ನು ನಡೆಸಿದ್ದೀ?"

"ಕಿತ್ತಳೆ ಹೆಚ್ಚುತ್ತೇನೆ."

ತುಂಬ ಹೊತ್ತು ಯೋಚಿಸಿ ಅವರು ರಾಜಿಗೆ ಬಂದರು: ಕಾಗದದ ಮೇಲೆ ನಾನು ಮ್ಯಾನೇಜರ್, ಹುಲ್ಲಿನ ಮೇಲೆ ಅವರು. ಆದರೆ ಲೀಗಿನವರ ನಿಯಮದಂತೆ ಹುಲ್ಲಿಗಿಳಿಯುವ ಮೊದಲು ಎರಡು ಗಂಟೆಯ ವಿಡಿಯೋ ನೋಡಿ ಪರೀಕ್ಷೆ ಬರೆಯಬೇಕಿತ್ತು. ಅದರಲ್ಲಿ ಒಬ್ಬ ನಗುಮುಖದ ಯುವಕ ಚೆಂಡನ್ನು ಒದೆಯುವುದು ಹೇಗೆ ಎಂದು ತೋರಿಸುತ್ತಾನೆ. ನಮ್ಮ ಹಿರಿಯರು ಆ ಯುವಕನೊಡನೆ ನಲವತ್ತು ನಿಮಿಷ ಜಗಳವಾಡಿ, ಮೊದಲ ಸಲ ಫೇಲಾದರು. ಎರಡನೆಯ ಸಲ ಇಳಾ ಪಕ್ಕದಲ್ಲಿ ಕೂತು, "ಜಸ್ಟ್ ಕ್ಲಿಕ್ 'ಆಲ್ ಆಫ್ ದಿ ಅಬವ್'" ಎಂದು ಹೇಳಿಕೊಟ್ಟು ಪಾಸು ಮಾಡಿಸಿದಳು.

ಮೊದಲ ದಿನ ಅವರು ಮೈದಾನಕ್ಕೆ ಬಂದದ್ದು ಟೈ ಕಟ್ಟಿ, ಮಂಡಿಯವರೆಗಿನ ಉಣ್ಣೆಯ ಕೋಟು ತೊಟ್ಟು. ಸೆಪ್ಟೆಂಬರಿನ ಕ್ಯಾಂಪ್‌ಬೆಲ್ ಅದು. ತಂದೆತಾಯಂದಿರು ನಾವೆಲ್ಲ ಛತ್ರಿಯ ನೆರಳಿನಲ್ಲಿ ಐಸ್ ಕಚ್ಚುತ್ತಿದ್ದೆವು. ಹುಡುಗಿಯೊಬ್ಬಳು ಚೆಂಡು ಒದ್ದಳು. ಅದು ಪಕ್ಕದ ಮೈದಾನದಲ್ಲಿ ನಡೆಯುತ್ತಿದ್ದ ಹುಟ್ಟುಹಬ್ಬದ ಮೇಜಿಗೆ ಹೋಯಿತು. ನಾವೆಲ್ಲ ರೂಢಿಯಂತೆ "ಗುಡ್ ಟ್ರೈ" ಎಂದು ಕೂಗಿದೆವು. ಅವರು ಆ ಮಗುವಿನ ಹತ್ತಿರ ಹೋಗಿ, ಬಗ್ಗಿ, ಬಹಳ ಗೌರವದಿಂದ ಹೇಳಿದರು: "ಅದು ಟೆರಿಬಲ್ ಆಗಿತ್ತು. ಇನ್ನೊಮ್ಮೆ ಮಾಡು."

ನಾವು ಐಸ್ ಕಚ್ಚುವುದನ್ನು ಬಿಟ್ಟು ಎದ್ದು ನಿಂತೆವು. ಆ ಮಗು ಅವರನ್ನೇ ನೋಡಿತು. ಹುಟ್ಟಿದಾಗಿನಿಂದ ಅದು ಏನು ಮಾಡಿದರೂ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಮೊದಲ ಬಾರಿಗೆ ಒಬ್ಬರು ತನ್ನ ಕಾಲನ್ನು ನಿಜವಾಗಿ ಗಮನಿಸಿದ್ದರು. ಮುಖ ಅರಳಿತು, ಓಡಿ ಹೋಗಿ ಚೆಂಡು ತಂದಿತು. ಎರಡು ವಾರದಲ್ಲಿ ಹನ್ನೆರಡು ಹುಡುಗಿಯರೂ ಒಬ್ಬರಿಗೊಬ್ಬರು "ದಟ್ ವಾಸ್ ಟೆರಿಬಲ್" ಎಂದು ಕೂಗಿಕೊಂಡು, ಬಿದ್ದು ಬಿದ್ದು ನಕ್ಕು, ಮತ್ತೆ ಒದೆಯುವ ಅಭ್ಯಾಸ ಮಾಡಿಕೊಂಡರು. ದೂರುಗಳು ಬಂದದ್ದು ನನಗೆ, ಕಾಗದದ ಮೇಲಿನ ಮ್ಯಾನೇಜರಿಗೆ. ಒಬ್ಬ ತಂದೆ ಬರೆದಿದ್ದರು: 'ನಿನ್ನೆ ನನ್ನ ಮಗಳು ನಾನು ಮಾಡಿದ ಪಾಸ್ತಾ ತಿಂದು ಅದೇ ಮಾತು ಹೇಳಿದಳು. ನೋವಾಯಿತು. ಆದರೆ ಅವಳು ಹೇಳಿದ್ದು ಸರಿಯಾಗಿತ್ತು.'

ಈಗ ನಮ್ಮ ಅತ್ತೆಯ ವಿಷಯ ಹೇಳಬೇಕು. ಅವರು ಧಾರವಾಡದ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು, ಈಗ ನಮ್ಮ ಜೊತೆಗೇ ಇದ್ದಾರೆ. ಮೊಮ್ಮಗಳ ಆಟ ನೋಡಲು ಮಡಚುವ ಕುರ್ಚಿ, ಸ್ವೆಟರು, ಸ್ಟೀಲ್ ಡಬ್ಬಿಯಲ್ಲಿ ಚುರುಮುರಿ ತೆಗೆದುಕೊಂಡು ತಪ್ಪದೆ ಬರುತ್ತಾರೆ. ಒಂದು ಪಂದ್ಯದಲ್ಲಿ ನಮ್ಮ ಹಿರಿಯರು ಬದಿಯಲ್ಲಿ ನಿಂತು ಏನೋ ಅಬ್ಬರಿಸಿದರು. ಹುಡುಗಿಯರು ನಿಂತಲ್ಲೇ ನಿಂತರು. ಇಂಗ್ಲಿಷನ್ನೇ ಉಸಿರಾಡಿ ಬೆಳೆದ ಇಪ್ಪತ್ತು ಜನ ತಂದೆತಾಯಂದಿರು ಮುಖ ಮುಖ ನೋಡಿಕೊಂಡರು. ಅತ್ತೆ ಚುರುಮುರಿ ಅಗಿಯುತ್ತಲೇ, "ಹಿಂದಕ ಸರೀರಿ ಅನ್ನಾಕತ್ತಾರ. ಎಡಕ್ಕ ಜಾಗಾ ಖಾಲಿ ಐತಿ" ಎಂದರು.

"ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?"

"ನನ್ನ ಕ್ಲಾಸಿನ ಬಾಜೂಕ ಮೂವತ್ತು ವರ್ಷ ಪಿ.ಟಿ. ಮಾಸ್ತರ ಒದರೂದು ಕೇಳೇನಿ. ಇದಕ್ಕೇನು ಇಂಗ್ಲಿಷ್ ಬರಬೇಕೇನು?"

ಇಳಾ ಹಿಂದಕ್ಕೆ ಸರಿದಳು, ಎಡಕ್ಕೆ ಬಂದ ಚೆಂಡು ಅವಳ ಕಾಲಿಗೇ ಸಿಕ್ಕಿತು. ಅಂದಿನಿಂದ ಅತ್ತೆಯ ಕುರ್ಚಿ ತಂದೆತಾಯಂದಿರ ಸಾಲಿನಿಂದ ಎದ್ದು ಹಿರಿಯರ ಪಕ್ಕಕ್ಕೆ ಹೋಯಿತು. ಅವರು ಸ್ಕಾಟ್ಲೆಂಡಿನ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ಇವರು ಧಾರವಾಡದ ಕನ್ನಡದಲ್ಲಿ ಒಪ್ಪುತ್ತಿದ್ದರು, ಕೆಲವೊಮ್ಮೆ ಒಪ್ಪುತ್ತಿರಲಿಲ್ಲ. ಇಬ್ಬರ ಬಾಯಲ್ಲೂ 'ರ'ಕಾರ ಒಂದೇ ಥರ ಗುಡುಗುತ್ತಿತ್ತು. ತಂಡ ಗೆಲ್ಲತೊಡಗಿತು. ಇಳಾ ಎಡಗಡೆಯ ಕಾವಲಿಗೆ ಕಾಯಂ ಆದಳು.

ಹೀಗೆ ಆ ವರ್ಷದ ಕೊನೆಯ ಪಂದ್ಯ ಬಂತು. ಎದುರಾಳಿಗಳು ಒಂದು ಪಂದ್ಯವನ್ನೂ ಸೋತಿರಲಿಲ್ಲ. ಪಂದ್ಯದ ಹಿಂದಿನ ದಿನ, ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಹಿರಿಯರು: ಕಪ್ಪು ಸೂಟು, ಕಪ್ಪು ಟೈ, ಹೊಳೆಯುವ ಬೂಟು. ಯಾರೋ ಹೋಗಿಬಿಟ್ಟರು ಎಂದೇ ನಾನು ತಿಳಿದೆ. ಅತ್ತೆ ಅಡಿಗೆಮನೆಯಿಂದಲೇ, "ಬರ್ರಿ ಸಾಹೇಬರ, ಕೂಡ್ರಿ, ಚಾ ಇಡ್ತೀನಿ" ಎಂದರು. ಅವರು ಕೂರಲಿಲ್ಲ. "ಇಳಾಳ ಜೊತೆ ಮಾತಾಡಬೇಕು" ಎಂದರು.

ಇಳಾ ಬಂದಳು. ಅವರು ಮೊಣಕಾಲಿನ ನೋವನ್ನು ನುಂಗಿಕೊಂಡು ಅವಳೆದುರು ಕೆಳಗೆ ಕೂತರು.

"ನಾಳೆ ಮೊದಲರ್ಧ ನೀನು ಆಡುವುದಿಲ್ಲ. ಅವರ ತಂಡದಲ್ಲಿ ಬಲಗಡೆ ಓಡುವ ಹುಡುಗಿ ನಿನಗಿಂತ ವೇಗ. ಅವಳು ದಣಿದ ಮೇಲೆ ನಿನ್ನನ್ನು ಇಳಿಸುತ್ತೇನೆ. ತಪ್ಪು ನಿನ್ನದಲ್ಲ. ಬಯ್ಯಬೇಕೆನಿಸಿದರೆ ಈಗಲೇ ಬಯ್ಯಬಹುದು."

"ಓಕೆ" ಎಂದಳು ಇಳಾ. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು.

ಅತ್ತೆ ಚಹಾದ ಲೋಟವನ್ನು ಟೇಬಲ್ಲಿನ ಮೇಲೆ ಕುಕ್ಕಿದರು. "ಇಷ್ಟ ಹೇಳಾಕ ಸೂಟ್ ಹಾಕ್ಕೊಂಡು ಬಂದ್ರೇನು? ಕೂಸಿನ ಕಣ್ಣಾಗ ನೀರು ತರಿಸಿದ್ರಿ. ಫೋನಿನ್ಯಾಗ ಒಂದು ಮೆಸೇಜ್ ಹಾಕಿದ್ರ ಆಗ್ತಿದ್ದಿಲ್ಲೇನು? ಎಲ್ಲಾರೂ ಹಂಗ ಮಾಡ್ತಾರ."

ನಾನು ಇದನ್ನು ಆದಷ್ಟು ಮೆದು ಮಾಡಿ ಇಂಗ್ಲಿಷಿಗೆ ತಿರುಗಿಸಿದೆ. ಅವರು ಈಗ ಕುರ್ಚಿಯಲ್ಲಿ ಕೂತರು. ಟೈ ಸಡಿಲಿಸಿದರು.

"ಒಂದು ಸಲ ಹಾಗೇ ಮಾಡಿದ್ದೆ" ಎಂದರು. "ಗೋಡೆಯ ಮೇಲೆ ಪಟ್ಟಿ ಅಂಟಿಸಿ ಹೋಗಿಬಿಟ್ಟಿದ್ದೆ."

ಅದು ಅವರ ಆರನೆಯ ತಂಡ. ದೊಡ್ಡ ಕಪ್ಪಿನ ಸೆಮಿಫೈನಲ್. ಡೇವಿ ಎಂಬ ಹತ್ತೊಂಬತ್ತು ವರ್ಷದ ಆಟಗಾರ ವರ್ಷವಿಡೀ ಚೆನ್ನಾಗಿ ಆಡಿದ್ದ. ಅವನ ತಂದೆ ಮೀನುದೋಣಿಯವರು. ಮಗನ ಆಟವನ್ನು ಒಮ್ಮೆಯೂ ನೋಡಿರಲಿಲ್ಲ. ಆ ದಿನ ರಜೆ ಹಾಕಿ, ದ್ವೀಪದಿಂದ ಹಡಗು ಹತ್ತಿ, ಬಸ್ಸು ಹಿಡಿದು, ಮದುವೆಗೆ ಹೊಲಿಸಿದ್ದ ಕೋಟು ತೊಟ್ಟು ಬಂದಿದ್ದರು. ಪಟ್ಟಿಯಲ್ಲಿ ಡೇವಿಯ ಹೆಸರಿರಲಿಲ್ಲ. ಬದಲಿ ಆಟಗಾರರಲ್ಲೂ ಇರಲಿಲ್ಲ. ಹಿಂದಿನ ರಾತ್ರಿ ಭಯವಾಗಿ, ಹಳೆಯ ಅನುಭವಸ್ಥನೊಬ್ಬನನ್ನು ಹಾಕಿಕೊಂಡಿದ್ದರು. ಹುಡುಗನ ಮುಖ ನೋಡಲು ಧೈರ್ಯವಾಗದೆ ಪಟ್ಟಿ ಅಂಟಿಸಿ ಹಿಂದಿನ ಬಾಗಿಲಿನಿಂದ ಹೊರಗೆ ಹೋದರು. ತಂಡ ನಾಲ್ಕು ಗೋಲಿನಿಂದ ಸೋತಿತು. ಸೋಮವಾರ ಇವರನ್ನು ತೆಗೆದರು. ಡೇವಿಯ ಜೊತೆ ಮತ್ತೆ ಮಾತಾಡಲಿಲ್ಲ.

"ಅಂದಿನಿಂದ ಯಾರನ್ನು ಕೈಬಿಟ್ಟರೂ ಸೂಟು ಹಾಕಿಕೊಂಡು ಮನೆಗೆ ಹೋಗಿಯೇ ಹೇಳುತ್ತೇನೆ."

ನಾನು ಅತ್ತೆಗೆ ಹೇಳಿದೆ. ಅತ್ತೆ ಲೋಟವನ್ನು ಅವರ ಕಡೆಗೆ ಸರಿಸಿದರು. "ಆ ಹುಡುಗಗ ಒಂದು ಮಾತು ಯಾಕ ಕೇಳಲಿಲ್ಲಂತ?"

"ಏನು ಕೇಳಲಿ? ಮೂವತ್ತು ವರ್ಷದ ಮೇಲಾಯಿತು."

"ಯು ಶುಡ್ ಕಾಲ್ ಹಿಮ್" ಎಂದಿತು ಒಂದು ಧ್ವನಿ. ಇಳಾ ಬಾಗಿಲ ಹತ್ತಿರ ನಿಂತಿದ್ದಳು, ಮೂಗು ಕೆಂಪಗಿತ್ತು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದಳೋ. "ಐ ವುಡ್ ವಾಂಟ್ ಯು ಟು."

"ಮೊದಲು ನಾಳೆಯ ಪಂದ್ಯ ಆಡೋಣ" ಎಂದು ಅವರು ಚಹಾ ಕುಡಿದು ಎದ್ದುಹೋದರು.

ಪಂದ್ಯ ಹೇಗಾಯಿತು ಅಂತೀರಾ? ಮೊದಲರ್ಧದಲ್ಲಿ ಆ ವೇಗದ ಹುಡುಗಿ ಎರಡು ಗೋಲು ಹೊಡೆದಳು. ಬದಿಯಲ್ಲಿ ಕೂತಿದ್ದ ಇಳಾ ಹುಲ್ಲು ಕೀಳಲಿಲ್ಲ. ಆ ಹುಡುಗಿಯ ಕಾಲನ್ನೇ ನೋಡುತ್ತಿದ್ದಳು. ಎರಡನೆಯರ್ಧಕ್ಕೆ ಇಳಿದವಳು ಅವಳನ್ನು ನೆರಳಿನ ಹಾಗೆ ಹಿಂಬಾಲಿಸಿದಳು. ಆಕೆ ನೀರು ಕುಡಿಯಲು ಹೋದಾಗಲೂ ಹಿಂದೆಯೇ ಹೋದಳು ಎಂದು ಆಮೇಲೆ ಎದುರಾಳಿ ತಂದೆಯೊಬ್ಬರು ನನಗೆ ದೂರು ಕೊಟ್ಟರು. ಆ ಕಡೆಯಿಂದ ಮತ್ತೆ ಗೋಲು ಬರಲಿಲ್ಲ. ನಮ್ಮವರು ಒಂದು ಹೊಡೆದರು, ಕೊನೆಯಲ್ಲಿ ಇನ್ನೊಂದು, ಯಾರ ಬೆನ್ನಿಗೆ ತಾಗಿ ಹೋಯಿತೆಂದು ಇವತ್ತಿಗೂ ಇತ್ಯರ್ಥವಾಗಿಲ್ಲ. ಎರಡು–ಎರಡು.

"ಹಾಗಾದರೆ ಗೆದ್ದದ್ದು ಯಾರು?" ಎಂದು ಒಬ್ಬ ತಾಯಿ ಕೇಳಿದರು.

"ಯಾರೂ ಇಲ್ಲ" ಎಂದರು ಹಿರಿಯರು. "ನಮ್ಮ ಊರಿನಲ್ಲಿ ಇದಕ್ಕೆ ಹಬ್ಬ ಮಾಡುತ್ತಾರೆ."

ಹುಡುಗಿಯರು ಆ ಮಾತನ್ನು ಆಜ್ಞೆಯೆಂದೇ ತಿಳಿದು, ನಾನು ಹೆಚ್ಚಿ ತಂದಿದ್ದ ಕಿತ್ತಳೆಯನ್ನೆಲ್ಲ ಅವರ ಉಣ್ಣೆಯ ಕೋಟಿನ ಮೇಲೆ ಹಿಂಡಿದರು. ಹನ್ನೆರಡು ಹುಡುಗಿಯರ ನಡುವೆ ಆ ಎಪ್ಪತ್ತೆರಡರ ಮನುಷ್ಯ ಕಣ್ಣು ಮುಚ್ಚಿ, ಮೂಗಿನಿಂದ ರಸ ತೊಟ್ಟಿಕ್ಕುತ್ತಾ, ಬೇಸಿಗೆಯಲ್ಲಿ ಮೊದಲ ಮಳೆಗೆ ನಿಂತವರಂತೆ ನಿಂತಿದ್ದರು.

ಭಾನುವಾರ ಬೆಳಿಗ್ಗೆ ಇಳಾ ಒಂದು ಚೀಟಿ ಹಿಡಿದುಕೊಂಡು ಬಂದಳು. ಆ ತಂಡದ ಹಳೆಯ ಆಟಗಾರರ ಪಟ್ಟಿಯಿಂದ ಶುರುಮಾಡಿ ಇಂಟರ್‌ನೆಟ್ಟಿನಲ್ಲಿ ಅರ್ಧ ಗಂಟೆ ಹುಡುಕಿದಳಂತೆ. ಡೇವಿ ಅದೇ ಕಡಲ ಸೀಮೆಯಲ್ಲಿ ಕಾರು ಓಡಿಸುವುದನ್ನು ಕಲಿಸುವ ಶಾಲೆ ನಡೆಸುತ್ತಿದ್ದ, ನಂಬರು ಅವನ ಜಾಹೀರಾತಿನಲ್ಲೇ ಇತ್ತು. ಅತ್ತೆ ಚಪ್ಪಲಿ ಮೆಟ್ಟಿಕೊಂಡರು. ಮೂವರೂ ಪಕ್ಕದ ಮನೆಗೆ ಹೋದೆವು.

"ಇವತ್ತು ಬೇಡ" ಎಂದರು ಹಿರಿಯರು. "ಅಲ್ಲಿ ಈಗ ಸಂಜೆ. ಊಟಕ್ಕೆ ಕೂತಿರುತ್ತಾನೆ."

"ಊಟಕ್ಕ ಕುಂತವ್ರು ಮನ್ಯಾಗ ಇರ್ತಾರ. ಹಚ್ರಿ ಫೋನು" ಎಂದರು ಅತ್ತೆ. ಇದನ್ನು ನಾನು ಅನುವಾದಿಸಬೇಕಾಗಲಿಲ್ಲ.

ಅವರು ಅಡಿಗೆಮನೆಯ ಮೇಜಿನ ಮುಂದೆ ಕೂತು ನಂಬರು ಒತ್ತಿದರು. ಸ್ಪೀಕರ್ ಆರಿಸುವುದು ಅವರಿಗೆ ಬಾರದು, ಹಾಗಾಗಿ ನಮಗೆಲ್ಲ ಕೇಳಿಸುತ್ತಿತ್ತು. ಆ ಕಡೆಯಿಂದ ಹಲೋ ಬಂತು. ಇವರು ಎರಡೇ ಮಾತು ಆಡಿರಬೇಕು.

"ಗ್ಯಾಫರ್?" ಎಂದಿತು ಆ ಧ್ವನಿ. ಅಲ್ಲಿನ ಆಟಗಾರರು ತಮ್ಮ ಮ್ಯಾನೇಜರನ್ನು ಹಾಗೆ ಕರೆಯುತ್ತಾರಂತೆ.

"ಡೇವಿ, ಆ ಸೆಮಿಫೈನಲ್ಲಿನ ದಿನ ನಾನು ಗೋಡೆಗೆ ಪಟ್ಟಿ ಅಂಟಿಸಿ ಹೋದೆ. ನಿನ್ನ ಮುಖ ನೋಡಿ ಹೇಳಬೇಕಿತ್ತು. ನಿನ್ನ ಅಪ್ಪ ಅಷ್ಟು ದೂರದಿಂದ ಬಂದಿದ್ದರು. ತಪ್ಪಾಯಿತು."

ಆ ಕಡೆ ಕುರ್ಚಿ ಸರಿದು ಬಾಗಿಲು ತೆರೆದ ಸದ್ದಾಯಿತು. ಕಡಲ ಹಕ್ಕಿಗಳ ಕೂಗು ಕೇಳತೊಡಗಿತು.

"ಆ ದಿನ ನಿಮ್ಮನ್ನು ಬಹಳ ಬೈದೆ" ಎಂದ ಡೇವಿ. "ಅಪ್ಪನೂ ಬೈದರು. ಅವರ ಪಕ್ಕದಲ್ಲೇ ಹೋಗಿ ಕೂತೆ. ಇಡೀ ಪಂದ್ಯ ಒಟ್ಟಿಗೆ ನೋಡಿದೆವು. ನನ್ನ ಜಾಗದಲ್ಲಿ ಆಡಿದವನನ್ನು ಅವರು ತೊಂಬತ್ತು ನಿಮಿಷವೂ ಬಿಡಲಿಲ್ಲ. ನಕ್ಕು ನಕ್ಕು ನನಗೆ ಹೊಟ್ಟೆ ನೋವು ಬಂತು. ಚಳಿಗೆ ಅವರ ಕೋಟಿನ ಒಂದು ತುದಿಯನ್ನು ನನ್ನ ಹೆಗಲಿಗೆ ಹೊದಿಸಿದ್ದರು. ಶನಿವಾರವೆಂದರೆ ನನಗೆ ಆಟ, ಅವರಿಗೆ ಕಡಲು. ಗ್ಯಾಫರ್, ಅಪ್ಪನ ಪಕ್ಕ ಕೂತು ನಾನು ನೋಡಿದ ಪಂದ್ಯ ಅದೊಂದೇ. ಮುಂದಿನ ಚಳಿಗಾಲಕ್ಕೆ ಅವರಿರಲಿಲ್ಲ."

ಅತ್ತೆ ನನ್ನ ತೋಳು ಹಿಡಿದು, "ಏನಂದಾ?" ಎಂದು ಪಿಸುಗುಟ್ಟಿದರು. ನಾನು ಅವರ ಕಿವಿಯ ಹತ್ತಿರ ಬಗ್ಗಿ ಕನ್ನಡದಲ್ಲಿ ಹೇಳಿದೆ.

ಕೆಲಸ ಹೋದ ಕಥೆಗಳನ್ನು ಬೇಲಿಯ ಮೇಲಿಂದ ನಗುನಗುತ್ತಾ ಹೇಳಿದ್ದ ಮನುಷ್ಯ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದರು. ಇಳಾ ಇನ್ನೊಂದು ಕುರ್ಚಿಯನ್ನು ಎಳೆದುಕೊಂಡು ಅವರಿಗೆ ಒತ್ತಿ ಕೂತಳು. ಆ ಕಡೆಯ ಹಕ್ಕಿಗಳು ಕೂಗುತ್ತಲೇ ಇದ್ದವು. ಇಬ್ಬರಲ್ಲಿ ಯಾರೂ ಫೋನ್ ಇಡಲಿಲ್ಲ.